ಒಂಬತ್ತನೇ ನಂಬರಿನ ಬಿಲ್ಲೆ

ನನ್ನ ಅಕ್ಕನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಒಂದು, ನಮ್ಮ ಬೀದಿ ಇಟ್ಟದ್ದು ಇನ್ನೊಂದು. ಬೀದಿಯವರ ಬಾಯಲ್ಲಿ ಅವಳು 'ಬಿಲ್ಲೆ ಕಳೆದವಳು'. ಹನ್ನೆರಡನೇ ವಯಸ್ಸಿನಲ್ಲಿ ಅಂಟಿಕೊಂಡದ್ದು ಅರವತ್ತೇಳಾದರೂ ಬಿಟ್ಟಿಲ್ಲ. ಹೋದ ವರ್ಷ ಅವಳ ಮೊಮ್ಮಗಳಿಗೆ ಕಿವಿ ಚುಚ್ಚಿಸುವ ದಿನ, ಓಲೆಗಳಿದ್ದ ಬೆಳ್ಳಿ ತಟ್ಟೆಯನ್ನು ಅಜ್ಜಿಯಾದವಳು ಹಿಡಿಯಲಿ ಎಂದು ಯಾರೋ ಮುಂದೆ ಚಾಚಿದರು. ಹಿಂದಿನಿಂದ ನಮ್ಮ ಬೀದಿಯ ಕಡೆಯವರು ಒಬ್ಬರು ಕೂಗಿದರು: "ಆ ತಟ್ಟೆ ಅವಳ ಕೈಗೆ ಕೊಡಬ್ಯಾಡ್ರಪ್ಪಾ, ಬಿಲ್ಲೆ ಕಳ್ದಂಗೆ ಕಳ್ದಾಳು!" ಚಪ್ಪರವೆಲ್ಲ ನಕ್ಕಿತು. ಅಕ್ಕನೂ ನಕ್ಕಳು. ಆದರೆ ತಟ್ಟೆಗೆಂದು ಚಾಚಿದ್ದ ಅವಳ ಕೈ ಹಿಂದಕ್ಕೆ ಬಂದು ಸೆರಗಿನೊಳಗೆ ಸೇರಿಕೊಂಡಿತು. ತಟ್ಟೆಯನ್ನು ಬೇರೆ ಯಾರೋ ಹಿಡಿದರು.

ನಾನು ಅಲ್ಲೇ ವೀಳ್ಯದೆಲೆ ಹಂಚುತ್ತಿದ್ದೆ. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ ಎಂದು ಹೇಳಲು ನಾಚಿಕೆಯಾಗುತ್ತದೆ. ಯಾಕೆಂದರೆ ಆ ಬಿಲ್ಲೆ ಆ ಹೊತ್ತಿನಲ್ಲಿ ಸೇಲಮ್ಮಿನ ನನ್ನ ಮನೆಯ ಬೀರುವಿನಲ್ಲಿ, ನಾಣ್ಯದ ಆಲ್ಬಮ್ಮಿನ ಹನ್ನೊಂದನೇ ಪುಟದಲ್ಲಿ, ಪ್ಲಾಸ್ಟಿಕ್ ಜೇಬಿನೊಳಗೆ ಕ್ಷೇಮವಾಗಿ ಕೂತಿತ್ತು. ಐವತ್ತೈದು ವರ್ಷದಿಂದ ಅದು ನನ್ನ ಹತ್ತಿರವೇ ಇದೆ.

ನಾವು ಸೇಲಮ್ಮಿನಲ್ಲಿ ನೆಲೆಸಿದ, ಮನೆಯಲ್ಲಿ ಕನ್ನಡ ಮಾತಾಡುವ ನೇಕಾರರು. ನಮ್ಮ ಬೀದಿಯಲ್ಲಿ ಎರಡು ಸಾಲಿನ ಮನೆ, ಮನೆಗೊಂದು ಇಲ್ಲವೆ ಎರಡು ಮಗ್ಗ. ಮಗ್ಗಕ್ಕೆ ಏರಿಸುವ ಮೊದಲು ಉದ್ದದ ನೂಲನ್ನೆಲ್ಲ ಬಿಗಿಯಾಗಿ ಎಳೆದು ಕಟ್ಟಿ ಗಂಜಿ ಹಚ್ಚಿ ಒಣಗಿಸಬೇಕು. ಆ ನೂಲಿಗೆ ಕನ್ನಡದಲ್ಲಿ ಹಾಸು ಅನ್ನುತ್ತಾರೆ, ನಮ್ಮ ಮನೆಗಳಲ್ಲಿ ತಮಿಳಿನ ಪಾವು ಅನ್ನುವುದೇ ಜಾಸ್ತಿ. ಮನೆಯೊಳಗೆ ಅದಕ್ಕೆ ಜಾಗವೆಲ್ಲಿ? ಬೀದಿಯಲ್ಲೇ ಆಗಬೇಕು. ಬೆಳಕು ಹರಿಯುವ ಮೊದಲು ಕತ್ತರಿಯಂತೆ ಕಟ್ಟಿದ ಬಿದಿರುಕೋಲುಗಳನ್ನು ಸಾಲಾಗಿ ನಿಲ್ಲಿಸಿ, ಬೀದಿಯ ಈ ತುದಿಯಿಂದ ಆ ತುದಿಗೆ ಪಾವು ಎಳೆದರೆ, ಹತ್ತು ಗಂಟೆಯವರೆಗೆ ಸೈಕಲ್ಲು ಕೂಡ ಆ ಕಡೆ ಬರುವಂತಿಲ್ಲ. ಗಂಡಸರು ಇಬ್ಬರಿಬ್ಬರಾಗಿ ಎದುರುಬದುರು ನಿಂತು ದೊಡ್ಡ ಬ್ರಷ್ಷು ಎಳೆಯುತ್ತ ಹಿಂದಕ್ಕೂ ಮುಂದಕ್ಕೂ ನಡೆಯುತ್ತಿದ್ದರು. ನಾವು ಮಕ್ಕಳು ಅದರ ಅಡಿಯಲ್ಲಿ ನುಸುಳಿ ಆ ಕಡೆಯ ಮನೆಗೆ ಹೋಗಿ ಬೈಸಿಕೊಂಡು ಬರುತ್ತಿದ್ದೆವು. ಒದ್ದೆ ಗಂಜಿಯ ಹುಳಿವಾಸನೆ ಇವತ್ತು ಎಲ್ಲಾದರೂ ಮೂಗಿಗೆ ಬಡಿದರೆ ನನಗೆ ಹಸಿವಾಗುತ್ತದೆ. ಹೆಂಡತಿ ಇದನ್ನು ಕಾಯಿಲೆ ಎನ್ನುತ್ತಾಳೆ.

ಒಂದು ಬೀದಿಗೆ ದಿನಕ್ಕೆ ಒಂದೇ ಪಾವು. ಹಾಗಾಗಿ ಸರದಿ ಬೇಕಿತ್ತು. ಆ ಸರದಿಯನ್ನು ಯಾರೂ ಬರೆದಿಡುತ್ತಿರಲಿಲ್ಲ, ಅದಕ್ಕೆ ಒಂದು ಹಿತ್ತಾಳೆ ಬಿಲ್ಲೆ ಇತ್ತು. ನಾಲ್ಕಾಣೆಗಿಂತ ಸ್ವಲ್ಪ ದೊಡ್ಡದು, ಮೇಲೆ ಒಂದು ತೂತು, ಒಂದು ಮುಖದಲ್ಲಿ ಒಂಬತ್ತು ಎಂಬ ಅಂಕಿ. ಬಿಲ್ಲೆ ಯಾರ ಮನೆಯಲ್ಲಿದೆಯೋ ನಾಳೆ ಬೀದಿ ಅವರದು. ಅವರ ಪಾವು ಒಣಗಿ ಸುತ್ತಿಟ್ಟ ಮೇಲೆ, ಅದೇ ದಿನ ಸಂಜೆಯೊಳಗೆ ಬಿಲ್ಲೆ ಮುಂದಿನ ಮನೆಗೆ ಹೋಗಬೇಕು. ಅದನ್ನು ಒಯ್ಯುವುದು ಮನೆಯ ಹೆಣ್ಣುಮಗಳು. ಗೂಡಿನಲ್ಲಿ ಇಟ್ಟು ಬರಬಾರದು, ಮೊಳೆಗೆ ನೇತುಹಾಕಿ ಬರಬಾರದು, ಆ ಮನೆಯ ಹೆಂಗಸಿನ ಕೈಗೇ ಕೊಡಬೇಕು. ಕೊಟ್ಟವಳ ಬಾಯಿಗೆ ಆ ಮನೆಯವರು ಒಂದು ಚೂರು ಬೆಲ್ಲ ಹಾಕಬೇಕು. ಬೆಲ್ಲ ತಿಂದಳೆಂದರೆ ಬಿಲ್ಲೆ ತಲುಪಿದಂತೆ. ಅಷ್ಟೇ ರಸೀದಿ.

ಆಯುಧಪೂಜೆಯ ದಿನ ಬಿಲ್ಲೆ ಯಾರ ಮನೆಯಲ್ಲಿರುತ್ತದೋ ಆ ಮನೆಯ ಹೆಂಗಸರು ಅದನ್ನು ದೀಪದ ಜೊತೆ ಹುಣಸೆಹಣ್ಣು ಹಾಕಿ ತಿಕ್ಕಿ, ಅರಿಶಿನ ಕುಂಕುಮ ಇಟ್ಟು, ಮಗ್ಗದ ಮೇಲೆ ಲಾಳಿಯ ಪಕ್ಕ ಇಡುತ್ತಿದ್ದರು. ನಮ್ಮ ಮನೆಗೆ ಆ ಯೋಗ ಬಂದದ್ದು ನನಗೆ ನೆನಪಿರುವಂತೆ ಒಂದೇ ಸಲ. ಅಮ್ಮ ಅವತ್ತು ಮಗುವಿಗೆ ನೀರು ಹಾಕುವ ಹಾಗೆ ಅದನ್ನು ತಿಕ್ಕಿದ್ದಳು.

ನನಗೆ ಆಗ ಒಂಬತ್ತು ವರ್ಷ. ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಹಳೆಯ ಕಾಸು ಕೂಡಿಡುವ ಹುಚ್ಚು ಆಗಲೇ ಹತ್ತಿತ್ತು. ತಲೆ ಸವೆದ ರಾಜನ ಕಾಲಣೆ ನಾಲ್ಕೈದು, ಅಂಚು ಅಲೆಅಲೆಯಾಗಿದ್ದ ಒಂದಾಣೆ ಒಂದು. ಆದರೆ ಶಾಲೆಯಲ್ಲಿ ನನ್ನ ಬೆಂಚಿನವನ ಹತ್ತಿರ ನಡುವೆ ದೊಡ್ಡ ತೂತಿರುವ ತಾಮ್ರದ ಕಾಸು ಇತ್ತು. ಓಟೆ ಕಾಸು. ಅದನ್ನು ದಾರಕ್ಕೆ ಕಟ್ಟಿ ಕುತ್ತಿಗೆಗೆ ಹಾಕಿಕೊಂಡು, ದಿನಾ ನನ್ನ ಮುಖದ ಮುಂದೆ ಆಡಿಸುತ್ತಿದ್ದ. ಹೊಟ್ಟೆಕಿಚ್ಚು ಎಂದರೆ ಏನೆಂದು ನನಗೆ ಕಲಿಸಿದವನು ಅವನೇ.

ಒಂದು ದಿನ ನಮ್ಮ ಮನೆಯ ಪಾವು ಮುಗಿಯಿತು. ಅಮ್ಮ ಬಿಲ್ಲೆಯನ್ನು ಅಕ್ಕನ ಕೈಗೆ ಕೊಟ್ಟು, "ಎದುರುಮನೆ ಅತ್ತೆ ಕೈಗೆ ಕೊಟ್ಟು ಬಾ ಓಗು," ಅಂದಳು. ಎದುರುಮನೆಯ ಅತ್ತೆ ನಮಗೆ ನೆಂಟರಲ್ಲ, ಆದರೂ ಅತ್ತೆಯೇ. ಆಗ ಆಕೆ ಇನ್ನೂ ಚಿಕ್ಕ ವಯಸ್ಸಿನವರು, ಮದುವೆಯಾಗಿ ಬಂದು ಆರೇಳು ವರ್ಷವಾಗಿತ್ತೇನೋ. ಅಕ್ಕ ಹೋದಾಗ ಆಕೆ ಕೊಳಾಯಿಗೆ ನೀರಿಗೆ ಹೋಗಿದ್ದರು. ಅಕ್ಕ ಸ್ವಲ್ಪ ಹೊತ್ತು ನಿಂತಳು. ಅವಳ ಗೆಳತಿಯರು ಬೀದಿಯ ಕೊನೆಯಲ್ಲಿ ಕುಂಟೆಬಿಲ್ಲೆಗೆ ಗೆರೆ ಎಳೆದು ಕೂಗುತ್ತಿದ್ದರು. ಅವಳು ಬಿಲ್ಲೆಯನ್ನು ಆ ಮನೆಯ ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿ ಓಡಿದಳು. ಹನ್ನೆರಡು ವರ್ಷದ ಹುಡುಗಿ, ಆಟ ಕರೆಯುತ್ತಿತ್ತು. ಅವಳ ತಪ್ಪು ಅಷ್ಟೇ.

ನಾನು ಎದುರುಮನೆ ಜಗಲಿಯ ಕೆಳಗೆ ಗೋಲಿ ಆಡುತ್ತಿದ್ದೆ. ತಲೆ ಎತ್ತಿದರೆ ಮೊಳೆಯಲ್ಲಿ ಬಿಲ್ಲೆ. ಬಿಲ್ಲೆಗೆ ತೂತು. ಒಂದೇ ಒಂದು ದಿನ ಶಾಲೆಗೆ ಒಯ್ದು ಅವನ ಮೂತಿಯ ಮುಂದೆ ಆಡಿಸಿ, ಸಂಜೆ ಅದೇ ಮೊಳೆಗೆ ಹಾಕಿಬಿಡುವುದು ಎಂದುಕೊಂಡೆ. ಚಡ್ಡಿಯ ಜೇಬಿಗೆ ಹಾಕಿಕೊಂಡೆ.

ಮಾರನೆಯ ದಿನ ಶಾಲೆಯ ಹೊತ್ತಿನ ತನಕ ಕಾಯಬೇಕಾಗಲೇ ಇಲ್ಲ. ಬೆಳಗಿನ ಐದಕ್ಕೆ ಬೀದಿಯಲ್ಲಿ ಗಲಾಟೆ. ಬಿಲ್ಲೆ ಬಾರದಿದ್ದರೂ ಮುಂದಿನ ಸರದಿ ತನ್ನದೆಂದು ತಿಳಿದಿದ್ದ ಎದುರುಮನೆ ಅತ್ತೆ ಗಂಜಿ ಕಾಯಿಸಿ ಪಾವು ಹೊರಗೆ ತಂದಿದ್ದರು. ಅವರ ನಂತರದ ಮನೆಯವರು, ಬಿಲ್ಲೆ ತೋರಿಸಿ ಆಮೇಲೆ ಕೋಲು ನಿಲ್ಲಿಸಿ ಎಂದು ಅಡ್ಡ ನಿಂತಿದ್ದರು. ಬಿಲ್ಲೆ ಎಲ್ಲಿ? ನಮ್ಮ ಮನೆಯವರು ಕೊಡಲೇ ಇಲ್ಲ ಎಂದರು ಅತ್ತೆ. ಕೊಟ್ಟಿದ್ದೇವೆ ಎಂದಳು ಅಮ್ಮ. ಯಾರ ಕೈಗೆ ಕೊಟ್ಟಿರಿ? ಬೀದಿಯ ಹಿರಿಯರು ಅಕ್ಕನನ್ನು ಕರೆದು ನಡುವೆ ನಿಲ್ಲಿಸಿದರು. ಕೇಳಿದ್ದು ಒಂದೇ ಪ್ರಶ್ನೆ.

"ಬೆಲ್ಲ ತಿಂದ್ಯಾ?"

"ಇಲ್ಲ," ಅಂದಳು ಅಕ್ಕ. "ಮೊಳೆಗೆ ಆಕ್ಬುಟ್ಟು ಬಂದೆ."

ಅಲ್ಲಿಗೆ ನ್ಯಾಯ ಮುಗಿಯಿತು. ಮೊಳೆಯಲ್ಲಿ ಬಿಲ್ಲೆ ಇಲ್ಲ, ಅವಳ ಬಾಯಲ್ಲಿ ಬೆಲ್ಲ ಬಿದ್ದಿಲ್ಲ, ಅಂದ ಮೇಲೆ ಹೋಗುವ ದಾರಿಯಲ್ಲಿ ಎಲ್ಲೋ ಬೀಳಿಸಿ ಸುಳ್ಳು ಹೇಳುತ್ತಿದ್ದಾಳೆ ಎಂದಾಯಿತು. ಅಮ್ಮ ಎಲ್ಲರೆದುರಿಗೇ ಹೊಡೆದಳು. ಅತ್ತೆಯ ಗಂಜಿ ಮಧ್ಯಾಹ್ನದ ಹೊತ್ತಿಗೆ ಹುಳಿಯಾಗಿ ಚರಂಡಿಗೆ ಹೋಯಿತು. ಎರಡು ದಿನ ಯಾರೂ ಪಾವು ಹಾಕಲಿಲ್ಲ. ಮೂರನೆಯ ದಿನ ಹಿರಿಯರು ಒಂದು ತಗಡಿನ ಚೂರಿಗೆ ತೂತು ಹೊಡೆದು, ಇನ್ನು ಇದೇ ಬಿಲ್ಲೆ ಅಂದರು. ಆ ಮೂರೂ ದಿನ ಹಿತ್ತಾಳೆ ಬಿಲ್ಲೆ ನನ್ನ ಡಬ್ಬಿಯಲ್ಲಿತ್ತು. ಬಾಯಿ ಬಿಟ್ಟಿದ್ದರೆ ನನ್ನ ಬೆನ್ನಿಗೂ ನಾಲ್ಕು ಬೀಳುತ್ತಿತ್ತು, ಅಷ್ಟೇ. ಆ ನಾಲ್ಕು ಏಟಿಗೆ ಹೆದರಿ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದೇನೆ. ಬಿಲ್ಲೆಯನ್ನು ಶಾಲೆಗೂ ಒಯ್ಯಲಿಲ್ಲ.

ಆಮೇಲೆ ಅಕ್ಕನ ಕೈಯಲ್ಲಿ ಯಾರೂ ಏನನ್ನೂ ಕೊಟ್ಟು ಕಳಿಸಲಿಲ್ಲ. ಮೊದಮೊದಲು ಸಿಟ್ಟಿನಿಂದ, ಆಮೇಲೆ ತಮಾಷೆಗೆ. ತಮಾಷೆಯೇ ಹೆಚ್ಚು ಕಾಲ ಉಳಿಯಿತು. ಅವಳು ಮದುವೆಯಾಗಿ ಓಮಲೂರಿಗೆ ಹೋದಾಗ ಆ ಮಾತೂ ಅವಳ ಹಿಂದೆಯೇ ಹೋಯಿತು. ಮನೆಯ ಬೀಗದ ಕೈ ಭಾವನ ಸೊಂಟದಲ್ಲೇ ಇರುತ್ತಿತ್ತು, ಅವರು ಹೋದ ಮೇಲೆ ಮಗಳ ಹತ್ತಿರ. ಅಕ್ಕ ತನ್ನದೇ ಚೂರುಪಾರು ವಸ್ತುವನ್ನೂ ಸೆರಗಿನ ತುದಿಗೆ ಮೂರು ಗಂಟು ಹಾಕಿ ಇಟ್ಟುಕೊಳ್ಳುತ್ತಾಳೆ. ಬಸ್ ಟಿಕೆಟ್ಟನ್ನೂ. ಕಂಡಕ್ಟರನ ಅಕ್ಕ ಟಿಕೆಟ್ಟನ್ನು ಗಂಟಿನಲ್ಲಿ ಕಟ್ಟುತ್ತಾಳೆ ಎಂದು ನಾನೇ ಎಷ್ಟು ಸಲ ಗೇಲಿ ಮಾಡಿದ್ದೇನೆ.

ಹೌದು, ನಾನು ಕಂಡಕ್ಟರನಾದೆ. ಮಗ್ಗದ ಮುಂದೆ ಕೂರಲು ನನಗೆ ಬೆನ್ನೂ ಇರಲಿಲ್ಲ, ತಾಳ್ಮೆಯೂ ಇರಲಿಲ್ಲ. ಮೊದಲು ಹರೂರಿನ ರೂಟು, ಆಮೇಲೆ ಧರ್ಮಪುರಿ, ಕೊನೆಗೆ ಬೆಂಗಳೂರು. ಕನ್ನಡದ ಅಕ್ಷರ ನನಗೆ ಬಂದದ್ದೇ ಬೆಂಗಳೂರಿನ ರೂಟಿನಲ್ಲಿ. ಮನೆಯಲ್ಲಿ ಮಾತಾಡುವ ಭಾಷೆಗೆ ಇಷ್ಟು ಗುಂಡಗಿನ ಅಕ್ಷರ ಇದೆ ಎಂದು ಬಸ್ಸಿನ ಬೋರ್ಡು ನೋಡಿ, ಸೀಟಿನ ಮೇಲೆ ಜನ ಬಿಟ್ಟುಹೋದ ಪೇಪರು ಓದಿ ಕಲಿತೆ. ಕಂಡಕ್ಟರನ ಚೀಲಕ್ಕೆ ಬಾರದ ಕಾಸಿಲ್ಲ. ಚಲಾವಣೆ ನಿಂತದ್ದು, ಬೇರೆ ದೇಶದ್ದು, ದೇವಸ್ಥಾನದ ಕಾಸು, ಯಾವುದೋ ಗಿರಣಿಯ ಕ್ಯಾಂಟೀನಿನ ಟೋಕನ್ನು. ಅದಕ್ಕೆ ಕೈಯಿಂದ ದುಡ್ಡು ಹಾಕಿ ನಾನು ಇಟ್ಟುಕೊಳ್ಳುತ್ತಿದ್ದೆ. ಹೀಗೆ ಬಿಸ್ಕತ್ತಿನ ಡಬ್ಬಿ ಹೋಗಿ ಆಲ್ಬಮ್ ಬಂತು.

ಆಲ್ಬಮ್ಮಿನಲ್ಲಿ ಪ್ರತಿ ಕಾಸಿನ ಕೆಳಗೂ ಎಲ್ಲಿ ಸಿಕ್ಕಿತೆಂದು ಒಂದು ಚೀಟಿ ಅಂಟಿಸುತ್ತೇನೆ. ಬಿಲ್ಲೆಯ ಕೆಳಗೆ ಏನು ಬರೆಯುವುದು? 'ಹರೂರು, ಬಸ್ಸಿನಲ್ಲಿ' ಎಂದು ಬರೆದೆ. ಚೀಟಿಗೆ ತಕ್ಕ ಕಥೆ ತಾನಾಗಿಯೇ ಬೆಳೆಯಿತು. ಹರೂರಿನಲ್ಲಿ ಹತ್ತಿದ ಒಬ್ಬಳು ಮುದುಕಿ, ಸಂತೆಗೆ ಕುರಿ ಮಾರಲು ಬಂದವಳು, ಚಿಲ್ಲರೆ ಸಾಲದೆ ಇದನ್ನು ಕೊಟ್ಟಳು. ಕೆಲವು ವರ್ಷದಲ್ಲಿ ಮುದುಕಿಯ ಹೆಗಲ ಮೇಲೆ ಕೆಂಪು ಕಂಬಳಿ ಬಂತು. ಆಮೇಲೆ ಅವಳ ಕೈಯಲ್ಲಿ ಒಂದು ಕುರಿಮರಿಯೂ ಬಂತು. ನನ್ನ ಹೆಂಡತಿ ಮನೆಗೆ ಬಂದವರಿಗೆಲ್ಲ ನನಗಿಂತ ಚೆನ್ನಾಗಿ ಆ ಕಥೆ ಹೇಳುತ್ತಾಳೆ. ಆ ಮುದುಕಿಯನ್ನು ಎಲ್ಲಿ ಹತ್ತಿಸಿದೆ, ಎಲ್ಲಿ ಇಳಿಸಿದೆ ಎಂದು ನನಗೇ ಈಗ ಕಣ್ಣಿಗೆ ಕಟ್ಟಿದಂತಿದೆ.

ಕಿವಿ ಚುಚ್ಚಿಸಿದ ದಿನದಿಂದ ಮನಸ್ಸು ಸರಿಯಿರಲಿಲ್ಲ. ಅಷ್ಟರಲ್ಲಿ ಸೇಲಮ್ಮಿನ ಒಂದು ಕಲ್ಯಾಣಮಂಟಪದಲ್ಲಿ ನಾಣ್ಯಗಳ ಪ್ರದರ್ಶನ ಬಂತು. ನಿಜ ಹೇಳುತ್ತೇನೆ, ಪಶ್ಚಾತ್ತಾಪಪಟ್ಟು ಹೋದದ್ದಲ್ಲ. ಬಿಲ್ಲೆಯನ್ನು ಯಾರಿಗಾದರೂ ಮಾರಿಬಿಟ್ಟರೆ ಕಣ್ಣಮುಂದಿನಿಂದ ಹೋಗುತ್ತದೆ ಎಂದು ಹೋದೆ.

ನಾಣ್ಯದ ಮೇಜುಗಳ ನಡುವೆ ಟೋಕನ್ನುಗಳದ್ದೇ ಒಂದು ಮೇಜು ಇತ್ತು. ಅದರ ಹಿಂದೆ ಶಂಕಗಿರಿಯ ಒಬ್ಬರು, ಲಾರಿಗೆ ಬಾಡಿ ಕಟ್ಟುವ ಶೆಡ್ಡು ಇಟ್ಟಿರುವವರು. ತಮಿಳರು. ರಾಜ ಮಹಾರಾಜರ ಕಾಸು ಅವರಿಗೆ ಬೇಡವಂತೆ. ಅಂಗಡಿ, ಗಿರಣಿ, ತೋಟದವರು ಕೆಲಸದ ಜನಕ್ಕೆ ಕೊಡುತ್ತಿದ್ದ ಬಿಲ್ಲೆಗಳನ್ನು ಮಾತ್ರ ಕೂಡಿಸುತ್ತಾರೆ. ನಾನು ಆಲ್ಬಮ್ ತೆರೆದು ಹನ್ನೊಂದನೇ ಪುಟ ತೋರಿಸಿದೆ. ಅವರು ಬಿಲ್ಲೆಯನ್ನು ಎರಡು ಬೆರಳಲ್ಲಿ ಅಂಚು ಮಾತ್ರ ಹಿಡಿದು ಎತ್ತಿದರು. ಅಯಸ್ಕಾಂತ ಹತ್ತಿರ ಹಿಡಿದರು, ಅಂಟಲಿಲ್ಲ. ಪುಟ್ಟ ತಕ್ಕಡಿಯಲ್ಲಿ ತೂಗಿದರು. ಆಮೇಲೆ ಭೂತಗನ್ನಡಿ ಕಣ್ಣಿಗೆ ಒತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ತಲೆ ಎತ್ತಿದವರ ಮುಖದಲ್ಲಿ ಸಿಟ್ಟಿತ್ತು.

"ಇದನ್ನ ಹುಣಸೆಹಣ್ಣು ಹಾಕಿ ತಿಕ್ಕಿದ ಪುಣ್ಯಾತ್ಮರು ಯಾರು ಸಾರ್?"

ಹಳೆಯ ಲೋಹವನ್ನು ತಿಕ್ಕಬಾರದು, ತಿಕ್ಕಿದರೆ ಅದರ ಬೆಲೆ ಹೋಗುತ್ತದೆ ಎಂದು ನನಗೂ ಗೊತ್ತು. ಹರೂರಿನ ಮುದುಕಿ ತಿಕ್ಕಿರಬೇಕು ಅಂದೆ. ಕಂಬಳಿ, ಕುರಿಮರಿ ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿದರು. ಆಮೇಲೆ ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟು, ನೀವೇ ನೋಡಿ ಅಂದರು.

ಅಷ್ಟು ವರ್ಷ ಇಟ್ಟುಕೊಂಡಿದ್ದರೂ ನಾನು ಅದನ್ನು ಭೂತಗನ್ನಡಿಯಲ್ಲಿ ನೋಡಿದವನೇ ಅಲ್ಲ. ನೋಡಲು ಧೈರ್ಯವಿರಲಿಲ್ಲ ಅನ್ನಿ. ಅವರು ಒಂದೊಂದಾಗಿ ತೋರಿಸಿದರು. ಹಿಂಭಾಗದಲ್ಲಿ ಸವೆದು ಮಾಸಿದ ಚಿತ್ರ ನಾನು ಅಂದುಕೊಂಡಿದ್ದಂತೆ ಹೂವಲ್ಲ, ತಿರುಚಿ ಗಂಟು ಹಾಕಿದ ನೂಲಿನ ಲಡಿ. ನೂಲಿನ ಅಂಗಡಿಯವರು ತಮ್ಮಲ್ಲಿ ಬಂದು ಕಾಯುವ ನೇಕಾರರಿಗೆ ಸರದಿಗೆಂದು ಕೊಡುತ್ತಿದ್ದ ಬಿಲ್ಲೆ ಇದು, ಒಂಬತ್ತನೆಯವರದು. ತೂತು ಅಂಗಡಿಯವರು ಮಾಡಿದ್ದಲ್ಲ, ಆಮೇಲೆ ಯಾರೋ ಮೊಳೆಯಿಟ್ಟು ಹೊಡೆದದ್ದು. ತೂತಿನ ಮೇಲಿನ ಅಂಚು ಮಾತ್ರ ಸವೆದಿದೆ, ಅಂದರೆ ಬಹಳ ಕಾಲ ನೇತಾಡಿದೆ. ಒಂಬತ್ತರ ಸುತ್ತಿನೊಳಗೆ ಹಳದಿ ಇದೆ, ಅದು ಅರಿಶಿನ. ಅಂಚಿನ ಗೆರೆಗಳಲ್ಲಿ ಬೆಳ್ಳಗೆ ಗಟ್ಟಿಯಾಗಿರುವುದು ಗಂಜಿ.

"ಕುರಿ ಕಾಯೋರ ಮನೆ ಬಿಲ್ಲೆಗೆ ಪಾವಿನ ಗಂಜಿ ಹೆಂಗೆ ಅಂಟುತ್ತೆ ಸಾರ್?" ಅಂದರು ಅವರು. "ಇದು ಇದೇ ಊರಿನ ನೇಕಾರರ ಬೀದೀಲಿ ಕೈಯಿಂದ ಕೈಗೆ ಓಡಾಡಿದ್ದು. ಬಸ್ಸು ಹತ್ತಿರೋ ಹಾಗೆ ಕಾಣಲ್ಲ."

ಮೂವತ್ತು ವರ್ಷ ಕಳ್ಳ ಪ್ರಯಾಣಿಕರನ್ನು ಹಿಡಿದವನು ನಾನು. ಟಿಕೆಟ್ಟಿಲ್ಲದೆ ಸಿಕ್ಕಿಬಿದ್ದವನ ಕಿವಿ ಹೇಗೆ ಬಿಸಿಯಾಗುತ್ತದೆಂದು ಅವತ್ತು ತಿಳಿಯಿತು.

ಬೆಲೆ ಕೇಳಿದೆ. ತಿಕ್ಕಿದ್ದಕ್ಕೆ, ತೂತಿಗೆ ಎಲ್ಲ ಕಳೆದು ಮುನ್ನೂರು ರೂಪಾಯಿ ಅಂದರು. ಆಮೇಲೆ ಸ್ವಲ್ಪ ಮುಂದಕ್ಕೆ ಬಾಗಿ, ಹಿತ್ತಾಳೆಗೆ ಮುನ್ನೂರು, ಆದರೆ ಅದು ಯಾವ ಬೀದಿಯಲ್ಲಿತ್ತು, ಅಂಗಡಿಯ ಬಿಲ್ಲೆಯನ್ನು ಆ ಜನ ಯಾವುದಕ್ಕೆ ಬಳಸಿದರು, ನಿಮ್ಮ ಕೈಗೆ ಹೇಗೆ ಬಂತು ಎಂದು ಒಂದು ಹಾಳೆಯಲ್ಲಿ ಇದ್ದದ್ದು ಇದ್ದಂತೆ ಬರೆದು ಸಹಿ ಹಾಕಿಕೊಡಿ, ನಾನೇ ಐದು ಸಾವಿರ ಕೊಡುತ್ತೇನೆ ಅಂದರು. ಹಾಳೆಯನ್ನೂ ಪೆನ್ನನ್ನೂ ಮುಂದಕ್ಕೆ ತಳ್ಳಿದರು. ನಾನು ಪೆನ್ನು ಹಿಡಿದೆ. 'ಹರೂರು' ಎಂದು ಬರೆಯಲು ಕೈ ಬರಲಿಲ್ಲ. ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡು ಮನೆಗೆ ಬಂದೆ.

ಹೆಂಡತಿಗೆ ವಿಷಯ ಹೇಳಿದಾಗ ಅವಳು ಉತ್ಸಾಹದಿಂದ, "ಬರೀರಿ ಮತ್ತೆ, ಆ ಮುದುಕಿ ವಿಚಾರಾನ," ಅಂದಳು.

"ಮುದುಕಿ ಇಲ್ಲ," ಅಂದೆ.

"ಇಲ್ಲ ಅಂದ್ರೆ? ಸತ್ತೋದ್ಳಾ?"

"ಇರ್ಲೇ ಇಲ್ಲ."

ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದಳು. "ಅಂಗಾದ್ರೆ ಆ ಕೆಂಪು ಕಂಬ್ಳಿ?"

"ಅದೂ ಇಲ್ಲ."

"ಕುರಿಮರೀನೂ ಇಲ್ವಾ!" ಅಂದಳು. ನನ್ನ ಕಳ್ಳತನಕ್ಕಿಂತ ಆ ಮರಿ ಇಲ್ಲದಿದ್ದುದೇ ಅವಳಿಗೆ ದುಃಖವಾದಂತೆ ಕಂಡಿತು. ಎಲ್ಲವನ್ನೂ ಹೇಳಿದೆ. ಅವಳು ಕೇಳಿ ಮುಗಿಸಿ ಸೊಪ್ಪಿನ ಮೊರ ಎತ್ತಿಕೊಂಡು ಒಳಗೆ ಹೋಗುತ್ತ, "ಮೊದ್ಲು ಓಮಲೂರಿಗೆ ಓಗಿ," ಅಂದಳು. ಎರಡು ದಿನ ನನ್ನ ಜೊತೆ ಬೇರೆ ಮಾತಾಡಲಿಲ್ಲ.

ಆ ಎರಡು ದಿನ ಕೂತು ಬರೆದೆ. ಅದೇ ಹಾಳೆಯಲ್ಲಿ, ಆದರೆ ತಮಿಳಿನಲ್ಲಿ ಅಲ್ಲ. ಅಮ್ಮ ಬಿಲ್ಲೆ ಕೊಟ್ಟು ಕಳಿಸಿದ್ದು ಕನ್ನಡದಲ್ಲಿ, ಅಕ್ಕ ಏಟು ತಿಂದದ್ದು ಕನ್ನಡದಲ್ಲಿ. ತಪ್ಪನ್ನು ಬೇರೆ ಭಾಷೆಯಲ್ಲಿ ಒಪ್ಪಿಕೊಳ್ಳುವುದು ನುಣುಚಿಕೊಂಡಂತೆ ಅನ್ನಿಸಿತು. ಕಾಗುಣಿತ ಎಷ್ಟು ತಪ್ಪಿತೋ ಗೊತ್ತಿಲ್ಲ, ತಿದ್ದುವವರು ಯಾರೂ ಇರಲಿಲ್ಲ.

ಓಮಲೂರಿನಲ್ಲಿ ಅಕ್ಕ ಮಗಳ ಮನೆಯ ಹಿತ್ತಲಲ್ಲಿ ಬಿಸಿಲಿಗೆ ಕಾಲು ಚಾಚಿ ಕೂತಿದ್ದಳು. ಅವಳಿಗೆ ಕನ್ನಡ ಓದಲು ಬರುವುದಿಲ್ಲ, ನಾನೇ ಓದಬೇಕು. ಓದಿದೆ. ಓದುವಾಗ ನನ್ನ ಲೆಕ್ಕಾಚಾರ ಹೀಗಿತ್ತು: ಅವಳು ಅಳುತ್ತಾಳೆ, ನಾನೂ ಅಳುತ್ತೇನೆ, ಆಮೇಲೆ ಒಳಗೆ ಕರೆದು ಊಟಕ್ಕೆ ಹಾಕುತ್ತಾಳೆ. ಓದು ಮುಗಿಸಿ ಬಿಲ್ಲೆಯನ್ನು ಅವಳ ಮುಂದೆ ಹಿಡಿದೆ. ಅವಳು ಮುಟ್ಟಲಿಲ್ಲ.

"ನಂಗೆ ಯಾಕ್ಲಾ ಇದನ್ನ ಏಳ್ತಾ ಇದ್ದೀಯ?" ಅಂದಳು. ಅವಳ ದನಿ ನಡುಗುತ್ತಿತ್ತು. ಅಳುವಿನಿಂದ ಅಲ್ಲ. "ನಾನು ಕಳೀಲಿಲ್ಲ ಅಂತ ನಂಗೆ ಅವತ್ತಿಂದಾನೂ ಗೊತ್ತು. ಗೊತ್ತಿಲ್ದೇ ಇರೋರು ನಮ್ಮ ಬೀದೀಲವ್ರೆ. ಎದ್ದೇಳು. ಅಲ್ಲಿ ಬಂದು ಓದು."

"ಇವಾಗ್ಲೇನಾ ಅಕ್ಕಾ? ನಾಳೆ ಓಗನ..."

"ಐವತ್ತೈದು ವರ್ಷ ನಾಳೆ ಅಂದಿದ್ದು ಸಾಲ್ದಾ ನಿಂಗೆ?"

ಚಪ್ಪಲಿ ಮೆಟ್ಟಿಕೊಂಡು ನನಗಿಂತ ಮುಂದೆ ಹೊರಟಳು. ಅವಳು ನನ್ನ ಮೇಲೆ ಸಿಟ್ಟಾದದ್ದನ್ನು ಅದುವರೆಗೆ ನಾನು ನೋಡಿರಲಿಲ್ಲ. ಸೇಲಮ್ಮಿನ ತನಕ ಬಸ್ಸಿನಲ್ಲಿ ಹೆಂಗಸರ ಸೀಟಿನಲ್ಲಿ ಕೂತು ಹೊರಗೆ ನೋಡುತ್ತಿದ್ದಳು. ನನ್ನ ಕಡೆ ತಿರುಗಲಿಲ್ಲ.

ಬೀದಿ ಈಗ ನೋಡಲಿಕ್ಕಾಗದು. ಸಿಮೆಂಟು ರಸ್ತೆ, ಎರಡೂ ಕಡೆ ನಿಲ್ಲಿಸಿದ ಬೈಕು, ತಲೆಯ ಮೇಲೆ ಕೇಬಲ್ಲು. ಗಂಜಿ ಹಾಕಿ ಸುತ್ತಿದ ಪಾವು ಈಗ ಮಿಷನ್ನಿನಿಂದಲೇ ಬರುತ್ತದೆ, ಮಗ್ಗವೂ ಮೂರು ಮನೆಯಲ್ಲಿ ಉಳಿದಿದ್ದರೆ ಹೆಚ್ಚು. ಮಕ್ಕಳು ತಮ್ಮತಮ್ಮಲ್ಲಿ ತಮಿಳಿನಲ್ಲೇ ಆಡಿಕೊಳ್ಳುತ್ತವೆ. ಆದರೆ ಎದುರುಮನೆಯ ಜಗಲಿ ಹಾಗೇ ಇತ್ತು. ಅದರ ಮೇಲೆ ಅತ್ತೆ ಕಂಬಕ್ಕೆ ಒರಗಿ ಕೂತಿದ್ದರು. ಎಂಬತ್ತು ದಾಟಿದೆ, ಕಣ್ಣಿಗೆ ಪೊರೆ, ಕಿವಿ ಮಾತ್ರ ಚುರುಕು. ಅಕ್ಕನ ದನಿ ಕೇಳಿದ ಕೂಡಲೇ, "ಬಾ ಹೆಣ್ಣೇ, ಬಿಲ್ಲೆ ಕಳ್ದೋಳೇ," ಅಂದು ಬೊಚ್ಚುಬಾಯಿ ತುಂಬ ನಕ್ಕರು. ಅದರಲ್ಲಿ ಕೆಟ್ಟ ಮನಸ್ಸು ಒಂದಿಷ್ಟೂ ಇರಲಿಲ್ಲ.

ಅಕ್ಕ ನನ್ನ ಬೆನ್ನಿಗೆ ಕೈಯಿಟ್ಟು ಮುಂದಕ್ಕೆ ತಳ್ಳಿದಳು. ಅತ್ತೆಯ ಸೊಸೆ, ಪಕ್ಕದ ಮನೆಯ ಇಬ್ಬರು ಹೆಂಗಸರು, ಒಬ್ಬ ಮುದುಕ ಬಾಗಿಲಿಗೆ ಬಂದು ನಿಂತರು. ನಾನು ಹಾಳೆ ಬಿಡಿಸಿ ಓದಿದೆ. ಓಮಲೂರಿನಲ್ಲಿ ಸಲೀಸಾಗಿ ಓದಿದ್ದನ್ನು ಇಲ್ಲಿ ಒಂದೊಂದೇ ಪದ ಕೂಡಿಸಿ ಓದಿದೆ. 'ಮೊಳೆಯಿಂದ ತೆಗೆದವನು ನಾನು' ಎಂಬ ಸಾಲಿಗೆ ಬಂದಾಗ ಅತ್ತೆ, "ಇನ್ನೊಂದ್ಸಲ ಓದು," ಅಂದರು. ಓದಿದೆ. ಮಿಕ್ಕಿದ್ದನ್ನೂ ಓದಿ ಮುಗಿಸಿದೆ. ಒಂದು ಬೈಕು ಹಾರ್ನ್ ಹೊಡೆದುಕೊಂಡು ಹೋಯಿತು.

"ಎಲ್ಲೈತೆ?" ಅಂದರು ಅತ್ತೆ.

ನಾನು ಬಿಲ್ಲೆಯನ್ನು ಅವರ ಕಡೆ ಚಾಚಿದೆ. ಅಕ್ಕ ನನ್ನ ಕೈಯನ್ನು ತಡೆದು ಅದನ್ನು ತಾನು ತೆಗೆದುಕೊಂಡಳು. ಜಗಲಿಯ ಮೇಲೆ ಬಗ್ಗಿ, ಅತ್ತೆಯ ಬಲಗೈಯನ್ನು ಹಿಡಿದು ಅಂಗೈ ತೆರೆಸಿ, ಅದರಲ್ಲಿ ಬಿಲ್ಲೆ ಇಟ್ಟು ಬೆರಳು ಮಡಚಿದಳು. "ಅತ್ತೆ, ಬಿಲ್ಲೆ ತಂದಿವ್ನಿ. ನಾಳೆ ಬೀದಿ ನಿಮ್ದು," ಅಂದಳು. ನಮ್ಮ ಕಾಲದ ಹೆಣ್ಣುಮಕ್ಕಳೆಲ್ಲ ಹೇಳುತ್ತಿದ್ದ ಮಾತು ಅದೇ.

ಅತ್ತೆಗೆ ಭೂತಗನ್ನಡಿ ಬೇಕಾಗಲಿಲ್ಲ. ಹೆಬ್ಬೆರಳಿನಿಂದ ಒಂದು ಸಲ ತೂತನ್ನು, ಒಂದು ಸಲ ಅಂಕಿಯನ್ನು ಸವರಿದರು. "ಒಂಬತ್ತು," ಅಂದರು. "ಇದೇ." ಆಮೇಲೆ ಒಳಗೆ ತಿರುಗಿ ಸೊಸೆಗೆ, "ಬೆಲ್ಲ ತಾರಮ್ಮಾ," ಅಂದರು.

ಸೊಸೆ ಸಕ್ಕರೆಯ ಡಬ್ಬಿ ತಂದಳು. ಈಗ ಎಲ್ಲದಕ್ಕೂ ಸಕ್ಕರೆಯೇ ಹಾಕುವುದರಿಂದ ಬೆಲ್ಲ ತರುವುದೇ ಕಡಿಮೆ ಎಂದಳು. ಸಕ್ಕರೆ ಆಗೋದಿಲ್ಲ ಅಂದರು ಅತ್ತೆ. ಸೊಸೆ ಹುಡುಕಿದಳು, ಡಬ್ಬಿಗಳ ಸದ್ದು ನಮಗೆ ಹೊರಗೆ ಕೇಳುತ್ತಿತ್ತು. ಕೊನೆಗೆ ಪೊಂಗಲ್ಲಿಗೆ ತಂದು ಮಿಕ್ಕಿದ್ದ ಬೆಲ್ಲದ ಒಂದು ಕಪ್ಪು ಹೆಂಟೆ ಸಿಕ್ಕಿತು. ಅತ್ತೆ ಅದನ್ನು ಜಗಲಿಯ ಅಂಚಿಗೆ ಕುಟ್ಟಿ ಚೂರು ಮಾಡಿ, ತಡವರಿಸಿ ಅಕ್ಕನ ಮುಖ ಹುಡುಕಿದರು.

"ಬಾಯಿ ತಗಿ ಹೆಣ್ಣೇ. ನಿನ್ ಬೆಲ್ಲ."

ಅರವತ್ತೇಳು ವರ್ಷದ ನನ್ನ ಅಕ್ಕ ಬೀದಿಯಲ್ಲಿ ನಿಂತು ಬಾಯಿ ತೆರೆದಳು. ಬೆಲ್ಲ ಬಾಯಲ್ಲಿಟ್ಟುಕೊಂಡು ಕಣ್ಣೀರು ಸುರಿಸುತ್ತ ನಿಂತಿದ್ದಳು, ಅಗಿಯಲಿಲ್ಲ. ನನಗೂ ತಡೆಯಲಾಗಲಿಲ್ಲ. ಅತ್ತೆ ಸುತ್ತ ನಿಂತವರಿಗೆ ಕೇಳುವಂತೆ, "ತಲುಪ್ತು ಅಂತ ಎಲ್ಲಾರ್ಗೂ ಏಳ್ರಿ," ಅಂದರು. ನನಗೆ ಮಾತ್ರ ಒಂದು ಚೂರೂ ಕೊಡಲಿಲ್ಲ. ಕೇಳುವ ಮುಖವೂ ನನಗಿರಲಿಲ್ಲ.

ಬಿಲ್ಲೆ ಈಗ ಅತ್ತೆಯ ಮನೆಯ ದೇವರ ಗೂಡಿನಲ್ಲಿದೆ. ಶಂಕಗಿರಿಯವರಿಗೆ ಫೋನ್ ಮಾಡಿ, ಅದು ನನ್ನದಲ್ಲ, ಕೊಡಲಾಗದು ಎಂದೆ. ಅವರು, ಆ ಹಾಳೆಯ ಒಂದು ಜೆರಾಕ್ಸ್ ಆದರೂ ಕಳಿಸಿ ಅಂದರು. ಕನ್ನಡದಲ್ಲಿದೆ ಅಂದೆ. ಓದಿಸಿಕೊಳ್ಳುತ್ತೇನೆ ಅಂದರು. ಆಲ್ಬಮ್ಮಿನ ಹನ್ನೊಂದನೇ ಪುಟದಲ್ಲಿ ಒಂದು ಜೇಬು ಖಾಲಿ ಇದೆ, ಅದರ ಕೆಳಗಿನ ಹರೂರಿನ ಚೀಟಿಯನ್ನು ಕಿತ್ತು ಹಾಕಿದ್ದೇನೆ.

ಬಿಲ್ಲೆ ತಲುಪಿಸಿದ ದಿನ ಸಂಜೆ ಅಕ್ಕನನ್ನು ಬಿಟ್ಟು ಬರಲು ನಾನೂ ಓಮಲೂರಿನ ಟೌನ್ ಬಸ್ಸು ಹತ್ತಿದೆ. ಈ ಸಲ ನನ್ನ ಪಕ್ಕದಲ್ಲೇ ಕೂತಳು. ಕಂಡಕ್ಟರು ಬಂದು ಅವಳದೊಂದು ಹೆಂಗಸರ ಫ್ರೀ ಟಿಕೆಟ್ಟು, ನನ್ನದೊಂದು ಕಾಸಿನ ಟಿಕೆಟ್ಟು ಹರಿದುಕೊಟ್ಟ. ಎರಡನ್ನೂ ನಾನು ಅಂಗಿಯ ಜೇಬಿಗೆ ಹಾಕಲು ಹೋದೆ.

"ತಾ ಇಲ್ಲಿ," ಅಂದಳು ಅಕ್ಕ. "ಎರ್ಡೂ ನನ್ ಹತ್ರ ಕೊಡು."

ಕೊಟ್ಟೆ. ಸೆರಗಿನ ತುದಿ ಹುಡುಕುತ್ತಾಳೆ ಎಂದು ನೋಡುತ್ತಿದ್ದೆ. ಹುಡುಕಲಿಲ್ಲ. ಕಿಟಕಿಯಿಂದ ಗಾಳಿ ಜೋರಾಗಿ ಹೊಡೆಯುತ್ತಿತ್ತು. ಓಮಲೂರು ಬರುವ ತನಕ ಎರಡು ಟಿಕೆಟ್ಟನ್ನೂ ಬರಿಗೈಯಲ್ಲೇ ಹಿಡಿದುಕೊಂಡು ಕೂತಿದ್ದಳು.